ಯುರೋಪಿನ ಭಾಷೆಗಳ ವರ್ತಮಾನ ಕಾಲ: ಇಂಗ್ಲಿಷ್ ಮೂಲಕ ಹೋದರೆ ಎಲ್ಲೆಲ್ಲಿ ಎಡವುತ್ತೇವೆ?

ತುಂಗಾತೀರ
ಇಂಗ್ಲಿಷಿನಲ್ಲಿ "ಐ ಈಟ್" ಬೇರೆ, "ಐ ಆ್ಯಮ್ ಈಟಿಂಗ್" ಬೇರೆ. ಜರ್ಮನ್‌ನಲ್ಲಿ ಎರಡಕ್ಕೂ ಒಂದೇ ರೂಪ. ಸ್ಪ್ಯಾನಿಷ್‌ನಲ್ಲಿ ಎರಡು ರೂಪ ಇವೆ, ಆದರೆ ಬಳಕೆ ಇಂಗ್ಲಿಷಿನಂತಿಲ್ಲ. ರಷ್ಯನ್‌ನಲ್ಲಿ ಕೆಲವು ಧಾತುಗಳಿಗೆ ವರ್ತಮಾನದ ಪ್ರತ್ಯಯ ಹಚ್ಚಿದರೆ ಭವಿಷ್ಯ ಆಗುತ್ತದೆಯಂತೆ. ಯಾವ ಭಾಷೆ ಏನು ಮಾಡುತ್ತದೆ ಅಂತ ತಿಳಿದವರು ಒಂದೇ ಕಡೆ ಬರೆದಿಡಬಹುದಾ? ಎರಡನೇ, ಮೂರನೇ ಭಾಷೆ ಕಲಿಯುವವರು ಸಿಕ್ಕಿಬೀಳುವುದು ಇಲ್ಲೇ.

ಕ್ರಿಯಾಪದ
"ವರ್ತಮಾನ" ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಯುರೋಪಿನ ಬಹುಪಾಲು ಭಾಷೆಗಳಲ್ಲಿ ಆ ರೂಪ "ಈಗ" ಅಂತ ಹೇಳುವುದಿಲ್ಲ, "ಆಗಿಹೋದದ್ದಲ್ಲ" ಅಂತ ಮಾತ್ರ ಹೇಳುತ್ತದೆ. ನಮ್ಮ "ಬರುತ್ತೇನೆ"ಯನ್ನೇ ನೋಡಿ. ದಿನಾ ಬರುತ್ತೇನೆ, ನಾಳೆ ಬರುತ್ತೇನೆ, ಎರಡೂ ಸರಿ. ದಾರಿಯಲ್ಲಿರುವವನು ಫೋನಿನಲ್ಲಿ ಹೇಳುವುದು ಮಾತ್ರ "ಬರ್ತಾ ಇದೀನಿ". ಶಾಲೆಯ ವ್ಯಾಕರಣದಲ್ಲಿ "ಬರುವೆನು" ಭವಿಷ್ಯತ್ ಕಾಲ ಅಂತ ಓದಿದ್ದೇವೆ, ಮಾತಿನಲ್ಲಿ ಆ ಕೆಲಸವನ್ನು "ಬರ್ತೀನಿ"ಯೇ ಮಾಡುತ್ತದೆ. ಈ ಕಣ್ಣಿನಿಂದ ನೋಡಿದರೆ ಜರ್ಮನ್, ಫಿನ್ನಿಷ್ ನಮಗೆ ಸುಲಭ. ಕಷ್ಟವಾಗುವುದು ನಡುವೆ ಇಂಗ್ಲಿಷನ್ನು ತಂದು ನಿಲ್ಲಿಸಿದಾಗ.

ಹೊಸ ಭಾಷೆ ಶುರು ಮಾಡುವಾಗ ಕಲಿಸುವವರ ಹತ್ತಿರ ಈ ಆರು ವಾಕ್ಯಗಳನ್ನು ಹೇಳಿಸಿ ಬರೆದುಕೊಳ್ಳಿ:

1. ಅವಳು ದಿನಾ ಕಾಫಿ ಕುಡಿಯುತ್ತಾಳೆ.
2. ಅವಳು ಈಗ ಕಾಫಿ ಕುಡಿಯುತ್ತಿದ್ದಾಳೆ.
3. ಅವಳು ನಾಳೆ ಹೊರಡುತ್ತಾಳೆ.
4. ಅವಳು ಮೂರು ವರ್ಷದಿಂದ ಇಲ್ಲೇ ಇದ್ದಾಳೆ.
5. ಅವಳು ಬಂದರೆ ಹೇಳುತ್ತೇನೆ. ಅವಳು ಬಂದಾಗ ಹೇಳುತ್ತೇನೆ.
6. ಅವಳು ಡಾಕ್ಟರ್.

ಜರ್ಮನ್‌ನಲ್ಲಿ ಆರಕ್ಕೂ ಒಂದೇ ವರ್ತಮಾನ ರೂಪ ಸಾಕು. ಒಂದು ಮತ್ತು ಎರಡು "ಜ಼ೀ ಟ್ರಿಂಕ್ಟ್ ಕಾಫ಼ೆ". ಈಗಲೇ ಅಂತ ಒತ್ತಬೇಕಾದರೆ "ಗೆರಾಡ" ಸೇರಿಸಿ. ಮೂರಕ್ಕೆ "ಮೋರ್ಗನ್ ಫ಼ೇರ್ಟ್ ಜ಼ೀ". ನಾಲ್ಕಕ್ಕೆ "ಜ಼ೀ ವೋನ್ಟ್ ಜ಼ೈಟ್ ದ್ರೈ ಯಾರೆನ್ ಹೀರ್". ಐದರಲ್ಲಿ ಬಂದರೆ, ಬಂದಾಗ ಎರಡಕ್ಕೂ "ವೆನ್ ಜ಼ೀ ಕೊಮ್ಟ್". ಇಂಗ್ಲಿಷಿನಲ್ಲಿ ಇದೇ ಆರನ್ನು ಹೇಳಲು ಕನಿಷ್ಠ ಮೂರು ಬಗೆಯ ರೂಪ ಬೇಕು. ಹಾಗಾಗಿ ಇಂಗ್ಲಿಷಿನಿಂದ ಜರ್ಮನ್‌ಗೆ ಇಳಿಸುವವರು "ಇಷ್ ಬಿನ್ ಟ್ರಿಂಕೆಂಡ್" ಅಂತ ಬರೆದು ಕೆಂಪು ಗೆರೆ ತಿನ್ನುತ್ತಾರೆ.

"ವೇರ್ಡೆನ್" ಹಾಕಿದರೆ ಭವಿಷ್ಯ ಅಂತ ಪುಸ್ತಕದಲ್ಲಿರುತ್ತದೆ. ಮಾತಿನಲ್ಲಿ ಅದು ಎಷ್ಟೋ ಸಲ ಊಹೆ. "ಎರ್ ವಿರ್ಡ್ ತ್ಸು ಹೌಜ಼ ಜ಼ೈನ್" ಅಂದರೆ ಅವನು ಈಗ ಮನೆಯಲ್ಲೇ ಇರಬೇಕು, ಇರ್ತಾನೆ ಬಿಡು, ಅಂತ.

ರೈನ್‌ದಡ
ಜರ್ಮನ್‌ಗೆ ಒಂದು ಸೇರ್ಪಡೆ. ಆಡುಮಾತಿನಲ್ಲಿ "ಇಷ್ ಬಿನ್ ಆಮ್ ಎಸ್ಸೆನ್" ಅನ್ನುವ ರೂಪ ಇದೆ, "ಊಟದಲ್ಲಿದ್ದೇನೆ" ಅನ್ನುವ ಹಾಗೆ. ಮೊದಲು ರೈನ್‌ಲ್ಯಾಂಡ್ ಕಡೆಯದು ಅನ್ನುತ್ತಿದ್ದರು, ಈಗ ಬೇರೆಡೆಯೂ ಕೇಳುತ್ತದೆ. ಕರ್ಮಪದ ಇಲ್ಲದಿದ್ದರೆ ಯಾರೂ ತಕರಾರು ಮಾಡುವುದಿಲ್ಲ. "ಆಮ್ ಕಾಫ಼ೆ ಟ್ರಿಂಕೆನ್" ಅಂತ ಕರ್ಮಪದ ತುರುಕಿದರೆ ಹಲವರಿಗೆ ಅದು ಬೀದಿಮಾತು. ಪರೀಕ್ಷೆಯಲ್ಲಿ ಬೇಡ, "ಗೆರಾಡ" ಹಾಕಿ ಮುಗಿಸಿ.

ರೂಪಗಳಲ್ಲಿ ತಪ್ಪುವುದು ಮೂರು ಕಡೆ. ಧಾತು "ಟ್" ಅಥವಾ "ಡ್"ನಿಂದ ಮುಗಿದರೆ ನಡುವೆ "ಎ" ಬರಬೇಕು: ದು (ನೀನು) ಆರ್ಬೈಟೆಸ್ಟ್, ಎರ್ (ಅವನು) ಆರ್ಬೈಟೆಟ್. ಸ್ವರ ಬದಲಾಗುವ ಧಾತುಗಳಲ್ಲಿ (ಫ಼ಾರೆನ್, ಎಸ್ಸೆನ್, ಲೇಜ಼ೆನ್) ಬದಲಾವಣೆ "ದು" ಮತ್ತು "ಎರ್/ಜ಼ೀ/ಎಸ್" ಜೊತೆ ಮಾತ್ರ. "ಈರ್" (ನೀವು) ಜೊತೆ ಎಂದೂ ಇಲ್ಲ: ಎರ್ ಫ಼ೇರ್ಟ್, ಆದರೆ ಈರ್ ಫ಼ಾರ್ಟ್. ಮೂರನೆಯದು "ಕೊನ್ನೆನ್, ಮ್ಯುಸ್ಸೆನ್, ವಿಸ್ಸೆನ್" (ಆಗು, ಬೇಕು, ತಿಳಿದಿರು) ಗುಂಪು. ಇಲ್ಲಿ "ನಾನು" ಮತ್ತು "ಅವನು" ಎರಡಕ್ಕೂ ಪ್ರತ್ಯಯವೇ ಇಲ್ಲ: ಇಷ್ ಕಾನ್, ಎರ್ ಕಾನ್. ಕಾರಣ, ಇವು ಬಹಳ ಹಿಂದೆ ಭೂತಕಾಲದ ರೂಪಗಳಾಗಿದ್ದವು, ಅರ್ಥ ಮಾತ್ರ ವರ್ತಮಾನಕ್ಕೆ ಸರಿಯಿತು. ಇಂಗ್ಲಿಷಿನ "ಹೀ ಕ್ಯಾನ್"ಗೆ "ಸ್" ಹತ್ತದಿರುವುದೂ ಅದೇ ಕಾರಣಕ್ಕೆ.

ಸಂಜೆಮಲ್ಲಿಗೆ
ರೊಮಾನ್ಸ್ ಗುಂಪಿನದು (ಲ್ಯಾಟಿನ್‌ನಿಂದ ಬಂದ ಭಾಷೆಗಳದ್ದು) ನಾನು ಬರೆಯುತ್ತೇನೆ. ಇಂಗ್ಲಿಷಿಗೆ ತೀರ ಹತ್ತಿರ ಕಾಣುವುದು ಇವೇ ಆದ್ದರಿಂದ ಮೋಸಹೋಗುವುದೂ ಇಲ್ಲೇ ಜಾಸ್ತಿ.

ಸ್ಪ್ಯಾನಿಷ್: "ಬೆಬೆ ಕಫ಼ೆ" ಒಂದನೇ ವಾಕ್ಯಕ್ಕೂ ಆಗುತ್ತದೆ, ಸಂದರ್ಭ ಸ್ಪಷ್ಟವಿದ್ದರೆ ಎರಡನೆಯದಕ್ಕೂ ಆಗುತ್ತದೆ. "ಎಸ್ತಾ ಬೆಬಿಯೆಂದೊ" ಅಂದರೆ ಈ ಗಳಿಗೆಯಲ್ಲಿ ನಡೆಯುತ್ತಿರುವುದು. ಇದನ್ನು ನಾಳೆಯ ಯೋಜನೆಗೆ ಹಚ್ಚಬಾರದು. ಇಂಗ್ಲಿಷಿನ "ಐ ಆ್ಯಮ್ ಲೀವಿಂಗ್ ಟುಮಾರೊ" ಮನಸ್ಸಿನಲ್ಲಿಟ್ಟುಕೊಂಡು "ಮಞಾನ ಎಸ್ತೊಯ್ ಸಾಲಿಯೆಂದೊ" ಅನ್ನುವುದು ಇಂಗ್ಲಿಷ್ ಬಲ್ಲವರ ಖಾಯಂ ತಪ್ಪು. ಸರಿಯಾದದ್ದು "ಮಞಾನ ಸಾಲ್ಗೊ", ಅಂದರೆ ನಮ್ಮ "ನಾಳೆ ಹೊರಡ್ತೀನಿ". ವಾಸಿಸುವುದು, ಕೆಲಸ ಮಾಡುವುದು ಇಂಥ ದೀರ್ಘ ಕ್ರಿಯೆಗೆ "ಎಸ್ತೊಯ್" ಹಾಕಿದರೆ "ಸದ್ಯಕ್ಕೆ, ತಾತ್ಕಾಲಿಕ" ಅನ್ನುವ ಧ್ವನಿ ಬರುತ್ತದೆ. ನಾಲ್ಕನೇ ವಾಕ್ಯಕ್ಕೆ ಸ್ಪ್ಯಾನಿಷ್‌ನಲ್ಲಿ ಸೊಗಸಾದ ಜೋಡಣೆ ಇದೆ: "ಯೇವೊ ತ್ರೆಸ್ ಆಞೋಸ್ ಬಿಬಿಯೆಂದೊ ಆಕಿ". "ಯೇವೊ" ವರ್ತಮಾನ ರೂಪ, ಮೂಲ ಅರ್ಥ "ಹೊರುತ್ತೇನೆ, ಒಯ್ಯುತ್ತೇನೆ".

ಇಟಾಲಿಯನ್: "ಸ್ತಾ ಬೆವೆಂದೊ" ಇದೆ, ಅದೂ ಈ ಗಳಿಗೆಗೆ ಮಾತ್ರ. "ಸ್ತೊ ಉಶ್ಶೆಂದೊ" (ಹೊರಗೆ ಹೋಗ್ತಾ ಇದೀನಿ) ಮತ್ತು "ಸ್ತೊ ಪೆರ್ ಉಶ್ಶೀರೆ" (ಇನ್ನೇನು ಹೊರಡೋದರಲ್ಲಿದೀನಿ) ಇವೆರಡನ್ನು ಬೆರೆಸಬೇಡಿ. ಕರ್ಮಣಿ ಪ್ರಯೋಗಕ್ಕೆ ಈ "ಸ್ತಾರೆ" ಜೋಡಣೆ ಒಗ್ಗುವುದಿಲ್ಲ. ಮೂರು ವರ್ಷಕ್ಕೆ ಸರಳವಾಗಿ "ಆಬಿತೊ ಕ್ವಿ ದಾ ತ್ರೆ ಆನ್ನಿ".

ಫ್ರೆಂಚ್: "ಎಲ್ ಬ್ವಾ" ಒಂದಕ್ಕೂ ಎರಡಕ್ಕೂ. "ಆಂ ತ್ರೆಂ ದ" ಎಂಬ ಜೋಡಣೆ ಇದೆ, ಆದರೆ ಅದು "ನಡುವೆ ಬಾಯಿ ಹಾಕಬೇಡ, ಕೆಲಸದಲ್ಲಿದೀನಿ" ಅನ್ನುವ ಮಟ್ಟದ ಒತ್ತು. ಪ್ರತಿ ವಾಕ್ಯಕ್ಕೂ ಅಂಟಿಸಿದರೆ ಕೇಳುವವರಿಗೆ ಸುಸ್ತಾಗುತ್ತದೆ.

ಪೋರ್ಚುಗೀಸ್: ಬ್ರೆಜಿಲ್‌ನವರು "ಇಸ್ತೋ ಬೆಬೆಂದು", ಪೋರ್ಚುಗಲ್‌ನ ಬಹುಪಾಲು ಜನ "ಇಶ್ತೋ ಆ ಬೆಬೇರ್". ಬ್ರೆಜಿಲ್‌ನವರು ಮನೋಭಾವದ ಕ್ರಿಯೆಗಳಿಗೂ ಧಾರಾಳವಾಗಿ ಈ ರೂಪ ಹಾಕುತ್ತಾರೆ: "ನಾಂವ್ ಇಸ್ತೋ ಎಂತೆಂದೆಂದು", ಅಂದರೆ ಅಕ್ಷರಶಃ ನಮ್ಮ "ಅರ್ಥ ಆಗ್ತಾ ಇಲ್ಲ". ಅದನ್ನೇ ಸ್ಪೇನ್‌ನಲ್ಲಿ "ನೊ ಎಂತಿಯೆಂದೊ" ಅನ್ನಬೇಕು.

ನಿಧಾನಿ
ಹಾಗಾದರೆ "ಮೂರು ವರ್ಷದಿಂದ" ವಾಕ್ಯದಲ್ಲಿ ಇಂಗ್ಲಿಷ್ ಒಂದೇ ಒಂಟಿಯಾಗಿ "ಹ್ಯಾವ್ ಲಿವ್ಡ್" ಅನ್ನುತ್ತದಾ?

ಕ್ರಿಯಾಪದ
ಹೌದು, ಹೆಚ್ಚುಕಮ್ಮಿ ಇಂಗ್ಲಿಷ್ ಮಾತ್ರ.

ಬಾಲ್ಟಿಕ್_ಗಾಳಿ
ಇಲ್ಲ ಸರ್, ಉತ್ತರಕ್ಕೆ ಹೋದರೆ ಇಂಗ್ಲಿಷಿಗೆ ದೊಡ್ಡ ಬಳಗವೇ ಇದೆ. ಸ್ವೀಡಿಷ್‌ನಲ್ಲಿ "ಯಾ ಹಾರ್ ಬುತ್ ಹ್ಯಾರ್ ಇ ತ್ರೇ ಓರ್", ಡ್ಯಾನಿಷ್, ನಾರ್ವೇಜಿಯನ್ ಅದೇ ತರಹ, ಫಿನ್ನಿಷ್‌ನಲ್ಲಿ "ಓಲೆನ್ ಅಸುನುತ್". ಎಲ್ಲವೂ "ಇದ್ದು ಬಂದಿದ್ದೇನೆ" ಮಾದರಿ. ಡಚ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್, ರಷ್ಯನ್ ವರ್ತಮಾನದ ಕಡೆ. ಹಾಗಾಗಿ ಜರ್ಮನ್ ಕಲಿತವರು ಸ್ವೀಡಿಷ್‌ಗೆ ಹೋದಾಗ ಇಲ್ಲಿ ಮತ್ತೆ ತಿರುಗಿಸಿಕೊಳ್ಳಬೇಕು.

ಇನ್ನೊಂದು, ನಿಷೇಧ ಬಂದರೆ ಲೆಕ್ಕ ಬದಲು. "ಮೂರು ವರ್ಷದಿಂದ ಅವನನ್ನು ನೋಡಿಲ್ಲ" ಅನ್ನುವಾಗ ಜರ್ಮನ್ನರೂ ವರ್ತಮಾನ ಬಿಟ್ಟು "ಇಷ್ ಹಾಬ ಈನ್ ಜ಼ೈಟ್ ದ್ರೈ ಯಾರೆನ್ ನಿಷ್ಟ್ ಗೆಜ಼ೇನ್" ಅನ್ನುತ್ತಾರೆ, ಫ್ರೆಂಚರೂ ಹಾಗೆಯೇ. ಆದರೆ "ಮೂರು ವರ್ಷದಿಂದ ಸಿಗರೇಟು ಸೇದಲ್ಲ" ಅಂದರೆ ಚಟ ಬಿಟ್ಟ ಸ್ಥಿತಿ ಮುಂದುವರಿದಿದೆ, ಅದಕ್ಕೆ ಜರ್ಮನ್‌ನಲ್ಲಿ ವರ್ತಮಾನವೇ: "ಇಷ್ ರೌಹ ಜ಼ೈಟ್ ದ್ರೈ ಯಾರೆನ್ ನಿಷ್ಟ್ ಮೇರ್". ಗಮನಿಸಿ, ಕನ್ನಡದ "ನೋಡಿಲ್ಲ", "ಸೇದಲ್ಲ" ಇದೇ ಗೆರೆಯ ಎರಡು ಬದಿಗೆ ನಿಲ್ಲುತ್ತವೆ. ಇಂಗ್ಲಿಷ್ ನಿಯಮ ಕಂಠಪಾಠ ಮಾಡುವ ಬದಲು ಕನ್ನಡದಲ್ಲಿ ಒಮ್ಮೆ ಹೇಳಿ ನೋಡಿದರೆ ಉತ್ತರ ಸಿಗುತ್ತದೆ.

ಕ್ರಿಯಾಪದ
ಸರಿ, ಒಪ್ಪಿದೆ. "ದಕ್ಷಿಣಕ್ಕೆ ವರ್ತಮಾನ, ಉತ್ತರಕ್ಕೆ 'ಇದ್ದು ಬಂದಿದ್ದೇನೆ' ಮಾದರಿ" ಅಂತ ಇಟ್ಟುಕೊಳ್ಳೋಣ. ನೀವೇ ಫಿನ್ನಿಷ್ ಮುಂದುವರಿಸಿ.

ಬಾಲ್ಟಿಕ್_ಗಾಳಿ
ಫಿನ್ನಿಷ್‌ನಲ್ಲಿ ಭವಿಷ್ಯತ್ ಕಾಲದ ಪ್ರತ್ಯಯವೇ ಇಲ್ಲ. ಅಲ್ಲಿನ ಚಮತ್ಕಾರ ಇರುವುದು ಕ್ರಿಯೆಯಲ್ಲಲ್ಲ, ಕರ್ಮಪದದ ವಿಭಕ್ತಿಯಲ್ಲಿ. "ಲುಯೆನ್ ಕಿರ್ಯಾ" ಅಂದರೆ ಪುಸ್ತಕ ಓದುತ್ತಿದ್ದೇನೆ. "ಲುಯೆನ್ ಕಿರ್ಯನ್" ಅಂದರೆ ಪುಸ್ತಕ ಓದಿ ಮುಗಿಸುತ್ತೇನೆ, ಅಂದರೆ ಮುಂದೆ. ಕ್ರಿಯಾರೂಪ ಎರಡರಲ್ಲೂ ಒಂದೇ "ಲುಯೆನ್". ಮೊದಲನೆಯದು ಅಂಶಸೂಚಕ ವಿಭಕ್ತಿ: ಕೆಲಸ ಪೂರ್ತಿಯಾಗಿಲ್ಲ, ಪುಸ್ತಕದ ಒಂದಿಷ್ಟು ಭಾಗ ಮಾತ್ರ ಕೈಗೆ ಬಂದಿದೆ. ಎರಡನೆಯದರಲ್ಲಿ ಇಡೀ ಪುಸ್ತಕ. ಇಡೀ ಪುಸ್ತಕವನ್ನು ಈ ಗಳಿಗೆಯಲ್ಲೇ ಓದಿ ಮುಗಿಸಲು ಆಗದಲ್ಲ, ಅದಕ್ಕೇ ಅರ್ಥ ತಾನಾಗಿ ಭವಿಷ್ಯಕ್ಕೆ ಜಾರುತ್ತದೆ.

ಎರಡು ಎಚ್ಚರಿಕೆ. ನಿಷೇಧದಲ್ಲಿ ಯಾವಾಗಲೂ ಅಂಶಸೂಚಕವೇ ("ಎನ್ ಲುಯೆ ಕಿರ್ಯಾ"), ಆದ್ದರಿಂದ ಅಲ್ಲಿ ಈ ಭೇದ ಅಳಿದುಹೋಗುತ್ತದೆ. ಪ್ರೀತಿಸು, ಕಾಯು ಇಂಥ ಮುಕ್ತಾಯವಿಲ್ಲದ ಕ್ರಿಯೆಗಳು ಕೂಡ ಅಂಶಸೂಚಕವನ್ನೇ ಬೇಡುತ್ತವೆ. ಎಸ್ಟೋನಿಯನ್ ಇದೇ ದಾರಿಯಲ್ಲಿದೆ, ಆದರೆ ಮುಗಿಸುವುದನ್ನು ಸ್ಪಷ್ಟಪಡಿಸಲು "ಲ್ಯಾಬಿ" ಥರದ ಪದವನ್ನು ಜೊತೆಗೆ ಸೇರಿಸುವ ರೂಢಿ ಹೆಚ್ಚು.

ದನ್ಯೂಬ್
ಅದೇ ಬಳಗದ ಹಂಗೇರಿಯನ್ ಬೇರೆ ಕಡೆ ಗೆರೆ ಎಳೆಯುತ್ತದೆ. ಕರ್ಮ ನಿರ್ದಿಷ್ಟವೋ ಅಲ್ಲವೋ ಅನ್ನುವುದರ ಮೇಲೆ ಕ್ರಿಯಾಪದದ ಪ್ರತ್ಯಯ ಬದಲಾಗುತ್ತದೆ. ಯಾವುದೋ ಒಂದು ಪುಸ್ತಕ ಓದುವುದಾದರೆ "ಓಲ್ವಶೊಕ್", ಆ ಪುಸ್ತಕ ಓದುವುದಾದರೆ "ಓಲ್ವಶೊಮ್". ಹೀಗೆ ವರ್ತಮಾನಕ್ಕೆ ಎರಡು ಪೂರ್ತಿ ಪಟ್ಟಿ. "ನಾನು ನಿನ್ನನ್ನು" ಅನ್ನುವ ಸಂದರ್ಭಕ್ಕಂತೂ ಮೂರನೇ ಪ್ರತ್ಯಯ: "ಸೆರೆತ್ಲೆಕ್" ಒಂದೇ ಪದದಲ್ಲಿ ಕರ್ತೃ, ಕರ್ಮ, ಪ್ರೀತಿ ಮೂರೂ ಮುಗಿಯಿತು. ಧಾತುವಿನ ಮುಂದೆ "ಎಲ್" ಹಚ್ಚಿ "ಎಲೋಲ್ವಶೊಮ್" ಅಂದರೆ ಓದಿ ಮುಗಿಸುತ್ತೇನೆ, ಮತ್ತೆ ಭವಿಷ್ಯ.

ಆರನೇ ವಾಕ್ಯದಲ್ಲಿ ಹಂಗೇರಿಯನ್ ನಮಗೆ ನೆಂಟ: "ಓ ಒರ್ವೋಶ್", ಅವಳು ಡಾಕ್ಟರ್, ನಡುವೆ ಏನೂ ಇಲ್ಲ. ಆದರೆ ಈ ಸೌಲಭ್ಯ ಪ್ರಥಮಪುರುಷಕ್ಕೆ ಮಾತ್ರ (ನಮ್ಮ ವ್ಯಾಕರಣದ ಲೆಕ್ಕದಲ್ಲಿ, ಅಂದರೆ ಅವನು, ಅವಳು, ಅವರು). "ನಾನು ಡಾಕ್ಟರ್" ಅನ್ನಲು "ವಡ್ಯೊಕ್" ಬೇಕೇ ಬೇಕು.

ನೀಲಿಶಾಯಿ
ರಷ್ಯನ್‌ನಲ್ಲಿ ವರ್ತಮಾನದ "ಇರು" ಎಲ್ಲ ಪುರುಷಗಳಲ್ಲೂ ಬಿಟ್ಟುಹೋಗುತ್ತದೆ: "ಯಾ ವ್ರಾಚ್", "ಅನಾ ವ್ರಾಚ್". ಪೋಲಿಷ್‌ನಲ್ಲಿ ಹಾಗೆ ಬಿಡುವುದು ಸಾಮಾನ್ಯ ರೂಢಿಯಲ್ಲ, ಸ್ಲಾವಿಕ್ ಅಂತ ಎಲ್ಲಕ್ಕೂ ಒಂದೇ ನಿಯಮ ಹಚ್ಚಬೇಡಿ.

ತುಂಗಾತೀರ ಅವರ ಮುಖ್ಯ ಪ್ರಶ್ನೆಗೆ ಬರುತ್ತೇನೆ. ರಷ್ಯನ್‌ನಲ್ಲಿ ಬಹುತೇಕ ಪ್ರತಿ ಕ್ರಿಯೆಗೂ ಜೋಡಿ ಧಾತು: ಅಪೂರ್ಣ "ಪಿಸಾತ್", ಪೂರ್ಣ "ನಪಿಸಾತ್". ಪ್ರತ್ಯಯಗಳು ಎರಡಕ್ಕೂ ಅವೇ. "ಯಾ ಪಿಷು" ಅಂದರೆ ಬರೆಯುತ್ತೇನೆ, ಬರೆಯುತ್ತಿದ್ದೇನೆ. "ಯಾ ನಪಿಷು" ಅಂದರೆ ಬರೆದು ಮುಗಿಸುತ್ತೇನೆ, ಭವಿಷ್ಯ. ಕಾರಣ ಫಿನ್ನಿಷ್‌ನದ್ದೇ: ಮುಗಿದ ಕ್ರಿಯೆಗೆ "ಈಗ ನಡೆಯುತ್ತಿದೆ" ಅನ್ನುವ ಅರ್ಥ ಸಾಧ್ಯವಿಲ್ಲ. ಹಾಗಾಗಿ "ಸಿಚಾಸ್ ನಪಿಷು" ಅಂದರೆ ಈಗ ಬರೀತಾ ಇದೀನಿ ಅಂತ ಅಲ್ಲ, ಈಗಲೇ ಬರೆದು ಕೊಡ್ತೀನಿ ಅಂತ. ಅಪೂರ್ಣದ ಭವಿಷ್ಯಕ್ಕೆ "ಯಾ ಬುದು ಪಿಸಾತ್". "ಬುದು" ಮತ್ತು ಪೂರ್ಣ ಧಾತು ಜೊತೆಗೆ ಬರುವಂತೆಯೇ ಇಲ್ಲ, ಹೊಸಬರ ಮೊದಲ ತಪ್ಪು ಅದು.

ಇದು ರಷ್ಯನ್, ಪೋಲಿಷ್, ಚೆಕ್ ಲೆಕ್ಕ. ಬಲ್ಗೇರಿಯನ್‌ಗೆ ಹೋದರೆ ಪೂರ್ಣ ಧಾತುವಿನ ವರ್ತಮಾನ ರೂಪ ತಾನೇ ನಿಂತು ಭವಿಷ್ಯ ಹೇಳುವುದಿಲ್ಲ. ಮುಂದೆ "ಶ್ತೆ" ಬೇಕು, ಇಲ್ಲವೇ "ದಾ", "ಕೊಗಾತೊ" ಇಂಥದ್ದರ ಕೆಳಗೆ ಬರಬೇಕು.

"ಈಗ" ಮತ್ತು "ದಿನಾ" ಭೇದ ರಷ್ಯನ್‌ನಲ್ಲಿ ಒಂದು ಮೂಲೆಯಲ್ಲಿ ಗಟ್ಟಿಯಾಗಿ ಕೂತಿದೆ, ಚಲನೆಯ ಧಾತುಗಳಲ್ಲಿ. "ಯಾ ಇದು ಫ಼್ ಷ್ಕೋಲು" ಅಂದರೆ ಶಾಲೆಯ ದಾರಿಯಲ್ಲಿದ್ದೇನೆ. "ಯಾ ಖಝು ಫ಼್ ಷ್ಕೋಲು" ಅಂದರೆ ಶಾಲೆಗೆ ಹೋಗುವ ವಯಸ್ಸು, ದಿನಾ ಹೋಗುತ್ತೇನೆ. ಎರಡೂ ನಡಿಗೆಗೆ. ಬಸ್ಸು, ರೈಲಿನಲ್ಲಾದರೆ "ಯೇದು", "ಯೇಝು". ನಾಳೆಯ ಯೋಜನೆಗೆ "ಇದು", "ಯೇದು" ಸರಿಹೋಗುತ್ತವೆ, "ಖಝು" ಹೋಗುವುದಿಲ್ಲ.

ವಿಷಯಕ್ಕೆ ಸ್ವಲ್ಪ ಹೊರಗಿನದು: ಅಡುಗೆಮನೆಯಿಂದ ನಾವು "ಬಂದೆ, ಬಂದೆ" ಅಂತ ಕೂಗುತ್ತೇವಲ್ಲ, ಇನ್ನೂ ಕಾಲು ಕಿತ್ತಿರುವುದಿಲ್ಲ. ರಷ್ಯನ್ನರೂ ಎದ್ದು ಹೊರಡುವ ಮುಂಚೆ "ನು, ಯಾ ಪಶೋಲ್" ಅನ್ನುತ್ತಾರೆ, ಅಂದರೆ "ಸರಿ, ನಾನು ಹೊರಟೆ". ಎರಡೂ ಶುದ್ಧ ಭೂತಕಾಲದ ರೂಪ.

ತುಂಗಾತೀರ
ಆಹಾ, ಇದನ್ನು ಯಾವ ಪಠ್ಯದಲ್ಲೂ ಹೇಳುವುದಿಲ್ಲ. ಇಂಗ್ಲಿಷಿಗೆ ಮಾತ್ರ ಈ "ಇಂಗ್" ಹುಚ್ಚು ಎಲ್ಲಿಂದ ಬಂತು?

ಹಸಿರುದ್ವೀಪ
ಪಕ್ಕದ ಮನೆ ನೋಡಿ. ವೆಲ್ಷ್ ಆಡುಮಾತಿನಲ್ಲಿ ವರ್ತಮಾನವೇ "ಇರು + ಕ್ರಿಯಾನಾಮ": "ದು ಈನ್ ಬುಯ್ತ", ದಿನಾ ತಿನ್ನುವುದಕ್ಕೂ ಈಗ ತಿನ್ನುತ್ತಿರುವುದಕ್ಕೂ ಇದೇ. ಹಳೆಯ ಒಂದೇ ಪದದ ರೂಪ ಉಳಿದಿದೆ, ಆಡುಮಾತಿನಲ್ಲಿ ಅದರ ಅರ್ಥ ಭವಿಷ್ಯಕ್ಕೆ ಹೋಗಿದೆ. ಸ್ಕಾಟಿಷ್ ಗೇಲಿಕ್‌ನಲ್ಲೂ ಹಳೆಯ ವರ್ತಮಾನ ಭವಿಷ್ಯ ಮತ್ತು ರೂಢಿಯ ಅರ್ಥಕ್ಕೆ ಸರಿದಿದೆ. ಐರಿಷ್ ಇನ್ನೂ ಸೂಕ್ಷ್ಮ: "ಇಹಿಮ್" ದಿನಾ ತಿನ್ನುತ್ತೇನೆ, "ತಾ ಮೇ ಎಗ್ ಇಹೆ" ಈಗ ತಿನ್ನುತ್ತಿದ್ದೇನೆ. "ಇರು" ಧಾತುವಿಗೇ ಎರಡು ವರ್ತಮಾನ: "ತಾ" ಈಗ ಇರುವುದಕ್ಕೆ, "ಬೀಮ್" ಸಾಮಾನ್ಯವಾಗಿ ಇರುವುದಕ್ಕೆ. ಐರ್ಲೆಂಡಿನ ಆಡು ಇಂಗ್ಲಿಷಿನಲ್ಲಿ "ಐ ಡು ಬಿ" ಅಂತ ಕೇಳಿಬರುವುದನ್ನು ಇದಕ್ಕೇ ಜೋಡಿಸುತ್ತಾರೆ.

ಇಂಗ್ಲಿಷ್ ತನ್ನ "ಇಂಗ್" ರೂಪವನ್ನು ಈ ಕೆಲ್ಟಿಕ್ ಭಾಷೆಗಳಿಂದ (ವೆಲ್ಷ್, ಗೇಲಿಕ್, ಐರಿಷ್ ಗುಂಪು) ಪಡೆಯಿತು ಅನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ. ಹಳೆಯ ಇಂಗ್ಲಿಷಿನಲ್ಲಿ "ಎಂದೆ" ಪ್ರತ್ಯಯದ ಇಂಥ ಜೋಡಣೆ ಮೊದಲೇ ಇತ್ತು. "ಆನ್ ಹಂಟಿಂಗ್" ಸವೆದು "ಎ-ಹಂಟಿಂಗ್" ಆದ ದಾರಿಯೂ ಅದಕ್ಕೆ ಸೇರಿತು. ಒಂದೇ ಮೂಲ ಹುಡುಕುವುದು ಹಟ ಅನ್ನಿಸುತ್ತದೆ.

ಅಂಕಿಅಂಶ
ಭವಿಷ್ಯತ್ ರೂಪ ಕಡ್ಡಾಯವಿಲ್ಲದ ಭಾಷೆಗಳವರು (ಜರ್ಮನ್, ಫಿನ್ನಿಷ್) ಹಣ ಹೆಚ್ಚು ಉಳಿಸುತ್ತಾರೆ ಅಂತ ಒಂದು ಸಂಶೋಧನೆ ಇದೆಯಲ್ಲ? ಅದನ್ನೂ ಸೇರಿಸಿ.

ನೀಲಿಶಾಯಿ
ಸೇರಿಸುವುದಾದರೆ ಪೂರ್ತಿ ಸೇರಿಸಿ. ಕೀತ್ ಚೆನ್ ಎಂಬ ಅರ್ಥಶಾಸ್ತ್ರಜ್ಞರ ಲೇಖನ 2013ರದ್ದು. 2015ರಲ್ಲಿ ಅವರೇ ಇಬ್ಬರು ಭಾಷಾ ಸಂಶೋಧಕರ ಜೊತೆ ಸೇರಿ ಮತ್ತೆ ಲೆಕ್ಕ ಹಾಕಿದರು. ಅಕ್ಕಪಕ್ಕದ ಹಾಗೂ ಒಂದೇ ಕುಟುಂಬದ ಭಾಷೆಗಳನ್ನು ಸ್ವತಂತ್ರ ಉದಾಹರಣೆಗಳೆಂದು ಎಣಿಸದೆ ಇದ್ದಾಗ ಆ ಸಂಬಂಧ ಬಹಳ ದುರ್ಬಲವಾಯಿತು. ವಾಟ್ಸಾಪ್‌ನಲ್ಲಿ ಓಡಾಡುವುದು ಮೊದಲ ಅರ್ಧ ಮಾತ್ರ.

ಸಂಜೆಮಲ್ಲಿಗೆ
ಐದನೇ ವಾಕ್ಯ ಯಾರೂ ಮುಟ್ಟಲಿಲ್ಲ. ಪರೀಕ್ಷೆಯಲ್ಲಿ ಅಂಕ ಹೋಗುವುದು ಅಲ್ಲೇ.

ಫ್ರೆಂಚ್‌ನಲ್ಲಿ "ಬಂದರೆ" ಬೇರೆ, "ಬಂದಾಗ" ಬೇರೆ. "ಸಿಲ್ ವ್ಯಾಂ" ವರ್ತಮಾನ. ಈ "ಸಿ" ಹಿಂದೆಯೇ ಭವಿಷ್ಯತ್ ರೂಪ ತರಬಾರದು. "ಕಾಂತಿಲ್ ವ್ಯಾಂದ್ರಾ" ಭವಿಷ್ಯತ್. ಇಲ್ಲಿ ವರ್ತಮಾನ ಹಾಕಿದರೆ "ಅವನು ಬರುವಾಗಲೆಲ್ಲ" ಅಂತ ಆಗುತ್ತದೆ. ಇಟಾಲಿಯನ್‌ನಲ್ಲೂ "ಕ್ವಾಂದೊ ವೆರ್ರಾ" ಭವಿಷ್ಯತ್ ರೂಪ, ಆದರೆ ಆಡುಮಾತಿನಲ್ಲಿ ವರ್ತಮಾನವೂ ಓಡುತ್ತದೆ. ಸ್ಪ್ಯಾನಿಷ್‌ನಲ್ಲಿ "ಸಿ ಬಿಯೆನೆ" ವರ್ತಮಾನ, "ಕ್ವಾಂದೊ ಬೆಂಗಾ" ಸಂಭಾವನಾ ರೂಪ. ಪೋರ್ಚುಗೀಸ್‌ನಲ್ಲಿ ಇದಕ್ಕೆಂದೇ ಭವಿಷ್ಯದ ಸಂಭಾವನಾ ರೂಪ ಇದೆ, "ಕ್ವಾಂದು ವಿಯೇರ್", ಅದನ್ನೇ "ಸಿ" ಜೊತೆಗೂ ಹಾಕುತ್ತಾರೆ. ಕನ್ನಡ ಈ ಎರಡಕ್ಕೂ ಭೂತದ "ಬಂದ್" ಬುಡವನ್ನೇ ಹಿಡಿಯುತ್ತದೆ. ಹಾಗಾಗಿ ಈ ಒಂದು ಕಡೆ ಕನ್ನಡ ಕೈ ಹಿಡಿಯುವುದಿಲ್ಲ, ಬಾಯಿಪಾಠವೇ ಗತಿ.

ಕಾಲುವೆಯೂರು
ಡಚ್ ಬಗ್ಗೆ ಚಿಕ್ಕದಾಗಿ. "ಇಕ್ ಬೆನ್ ಆನ್ ಹೆಟ್ ಲೇಜ಼ನ್" ಜರ್ಮನ್‌ನ "ಆಮ್" ಥರದ್ದೇ, ಆದರೆ ಇಲ್ಲಿ ಅದು ಶಿಷ್ಟ ಭಾಷೆ. ಇನ್ನೂ ಸಹಜವಾದದ್ದು ಭಂಗಿಯ ಧಾತು: "ಇಕ್ ಜ಼ಿಟ್ ತ ಲೇಜ಼ನ್" ಓದ್ತಾ ಕೂತಿದೀನಿ, "ಹೈ ಸ್ಟಾಟ್ ತ ವಾಖ್ತನ್" ಕಾಯ್ತಾ ನಿಂತಿದಾನೆ. ಸ್ವೀಡಿಷ್‌ನಲ್ಲಿ "ಕೂತಿದ್ದಾನೆ ಮತ್ತು ಓದುತ್ತಾನೆ" ಅಂತ ಎರಡು ವರ್ತಮಾನ ಕ್ರಿಯೆಗಳನ್ನು ಪಕ್ಕಪಕ್ಕ ಇಡುತ್ತಾರೆ. ಕನ್ನಡಿಗರಿಗೆ ಇದು ತಾನಾಗಿ ಬರುತ್ತದೆ, ಇಂಗ್ಲಿಷ್ ನೆನೆದರೆ ಬರುವುದಿಲ್ಲ.

ಸ್ವೀಡಿಷ್, ಡ್ಯಾನಿಷ್, ನಾರ್ವೇಜಿಯನ್‌ನಲ್ಲಿ ವರ್ತಮಾನದ ಪಟ್ಟಿ ಕಲಿಯುವ ಕೆಲಸವೇ ಇಲ್ಲ: ನಾನು, ನೀನು, ಅವರು ಎಲ್ಲರಿಗೂ ಒಂದೇ ರೂಪ. ಸ್ವೀಡಿಷ್ ಬರಹದಲ್ಲಿ ಬಹುವಚನದ ಬೇರೆ ರೂಪಗಳು 20ನೆಯ ಶತಮಾನದ ನಡುಭಾಗದವರೆಗೂ ಉಳಿದಿದ್ದವು, ಹಳೆಯ ಪುಸ್ತಕ ತೆರೆದರೆ ಗಾಬರಿಯಾಗಬೇಡಿ.

ನಿಧಾನಿ
ಕೊನೆಯದಾಗಿ ಉಚ್ಚಾರಣೆ. ಪ್ರತ್ಯಯ ಬರೆಯಲು ಗೊತ್ತಿದ್ದೂ ಮಾತಿನಲ್ಲಿ ಕೆಡುವುದು ಯಾಕೆ?

ಸಂಜೆಮಲ್ಲಿಗೆ
ಫ್ರೆಂಚ್‌ನಲ್ಲಿ "ಪಾರ್ಲೆ" ಧಾತುವಿನ ಆರು ರೂಪಗಳಲ್ಲಿ ನಾಲ್ಕು ಕಿವಿಗೆ ಒಂದೇ, "ಪಾರ್ಲ್". ಬರವಣಿಗೆಯ "ಎಂಟ್" ಓದಲೇಬಾರದು. "ನಾವು"ಗೆ ಮಾತಿನಲ್ಲಿ "ನು" ಬದಲು "ಆಂ" ಬಳಸುವುದರಿಂದ ಅದೂ "ಪಾರ್ಲ್" ಆಗಿಬಿಡುತ್ತದೆ, "ವು ಪಾರ್ಲೆ" (ನೀವು) ಒಂದೇ ಬೇರೆ ಉಳಿಯುತ್ತದೆ. ಹಾಗಾಗಿ ಸರ್ವನಾಮ ನುಂಗಬೇಡಿ. ಸ್ಪ್ಯಾನಿಷ್, ಇಟಾಲಿಯನ್‌ನಲ್ಲಿ ತದ್ವಿರುದ್ಧ: ಪ್ರತ್ಯಯವೇ ಎಲ್ಲ ಹೇಳುತ್ತದೆ, ಪ್ರತಿ ವಾಕ್ಯಕ್ಕೂ "ಯೊ", "ಇಯೊ" ಹಾಕಿದರೆ "ನಾನು, ನಾನೇ" ಅಂತ ಎದೆ ತಟ್ಟಿಕೊಂಡ ಹಾಗೆ ಕೇಳುತ್ತದೆ. ಕನ್ನಡದಲ್ಲಿ "ನಾಳೆ ಬರ್ತೀನಿ" ಅಂತ ಬಿಡುವ ಹಾಗೇ ಬಿಡಿ.

ಒತ್ತು ಎಲ್ಲಿ ಅನ್ನುವುದು ಕನ್ನಡದಲ್ಲಿ ಅರ್ಥ ಬದಲಿಸುವುದಿಲ್ಲವಾದ್ದರಿಂದ ನಮ್ಮ ಕಿವಿ ಅದನ್ನು ಬಿಟ್ಟುಬಿಡುತ್ತದೆ. ಸ್ಪ್ಯಾನಿಷ್‌ನಲ್ಲಿ ಧಾತುವಿನ ಮೇಲೆ ಒತ್ತು ಬಿದ್ದಾಗ ಮಾತ್ರ ಸ್ವರ ಒಡೆಯುತ್ತದೆ: ಪಿಯೆನ್ಸೊ, ಪಿಯೆನ್ಸಾನ್; ಒತ್ತು ಪ್ರತ್ಯಯಕ್ಕೆ ಹೋದಾಗ ಪೆನ್ಸಾಮೊಸ್, ಪೆನ್ಸಾಯಿಸ್. ಒತ್ತು ಗೊತ್ತಿದ್ದರೆ ಈ ಪಟ್ಟಿ ಉರುಹೊಡೆಯಬೇಕಿಲ್ಲ. ಇಟಾಲಿಯನ್‌ನಲ್ಲಿ "ಅವರು" ರೂಪದಲ್ಲಿ ಒತ್ತು "ಇಯೊ" ರೂಪದಲ್ಲಿದ್ದ ಅಕ್ಷರದಲ್ಲೇ ಉಳಿಯುತ್ತದೆ: ಪಾರ್ಲೊ, ಪಾರ್ಲನೊ, ಎರಡರಲ್ಲೂ "ಪಾ" ಮೇಲೆ. "ಪರ್ಲಾನೊ" ಅಂದರೆ ತಪ್ಪು. "ತೆಲೇಫ಼ೊನೊ"ದಿಂದ "ತೆಲೇಫ಼ೊನನೊ", ಕೊನೆಯಿಂದ ನಾಲ್ಕನೇ ಅಕ್ಷರದ ಮೇಲೆ ಒತ್ತು. ಜೋಡಿಯಾಗಿ ಹೇಳಿಕೊಳ್ಳಿ, "ಇಯೊ" ರೂಪ ಮೊದಲು, ತಕ್ಷಣ "ಅವರು" ರೂಪ, ಆಮೇಲೆ ಉಳಿದ ನಾಲ್ಕು.